ಗಾಳಿಬೀಡಿನ ತೋಟದಲ್ಲಿ ಸಿಕ್ಕ ತಲೆಬುರುಡೆ: ಕಣ್ಣಿನ ಮೇಲಿನ ಎರಡು ತಗ್ಗುಗಳ ಪ್ರಕರಣ

ಸೆಪ್ಟೆಂಬರ್ ತಿಂಗಳು, ಕೊಡಗಿನ ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲಿನ ವಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಗಾಳಿಬೀಡಿನಲ್ಲಿ ಕಾಫಿ ತೋಟ ಇರುವ ನಮ್ಮ ಮಾವ ಬೆಳಿಗ್ಗೆಯೇ ಫೋನ್ ಮಾಡಿದರು. "ಕಳೆ ಕೊಯ್ಯುವವರಿಗೆ ಒಂದು ಹಕ್ಕಿ ಬುರುಡೆ ಸಿಕ್ಕಿದೆ ಮಗಳೇ. ಕೊಕ್ಕು ನೋಡಿದರೆ ಮಿಂಚುಳ್ಳಿದು. ಆದರೆ ಹಣೆ ಮೇಲೆ ಎರಡು ತಗ್ಗು ಉಂಟು, ಹಸಿ ಮಣ್ಣಿನಲ್ಲಿ ಬೆರಳು ಒತ್ತಿದ ಹಾಗೆ. ಇದೆಂಥದು ಅಂತ ಒಮ್ಮೆ ಬಂದು ನೋಡು."

ಹಿಂದೆಯೇ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಪಕ್ಕದಿಂದ ತೆಗೆದ ಫೋಟೊ. ನೇರವಾದ, ಚೂಪಾದ, ಕಪ್ಪು ಕೊಕ್ಕು. ಅದರ ಹಿಂದೆ ದೊಡ್ಡ ಕಣ್ಣುಗೂಡು. ನಾನು ಮಡಿಕೇರಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಹಾಗಾಗಿ ಮಾವ ನನ್ನ ಮಾತು ನಂಬುತ್ತಾರೆ. ನಾನು ಫೋಟೊ ನೋಡಿ "ಹೌದು ಮಾವ, ಕಪ್ಪು ಬಿಳಿ ಮಿಂಚುಳ್ಳಿ ಇರಬೇಕು" ಅಂತ ಬರೆದುಬಿಟ್ಟೆ. ಕಾರಣವೂ ಇತ್ತು. ಆ ಮಿಂಚುಳ್ಳಿಯ ಕೊಕ್ಕು ಹೀಗೇ ಕಪ್ಪಗೆ, ಈಟಿ ಹಾಗೆ ಇರುತ್ತದೆ. ತೋಟದಲ್ಲಿ ನೀರು ಹಾಯಿಸುವ ಕೆರೆ ಇದೆ. ಕೆರೆಯಲ್ಲಿ ಮೀನಿದೆ. ಎಲ್ಲವೂ ಕೂಡಿ ಬಂದಂತೆ ಕಂಡಿತು.

ಅದು ತಪ್ಪು. ಎಲ್ಲಿ ತಪ್ಪಿದೆ ಅಂತ ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಬುರುಡೆ ಕೈಗೆ ಸಿಕ್ಕಿದವರೆಲ್ಲ ಮೊದಲು ಕೊಕ್ಕನ್ನೇ ನೋಡುತ್ತಾರೆ. ಕೊಕ್ಕು ಹಕ್ಕಿ ಏನು ತಿಂದಿತು ಅಂತ ಹೇಳುತ್ತದೆ. ಆದರೆ ಮೀನು ತಿನ್ನುವ ಹಲವು ಹಕ್ಕಿಗಳು ಬೇರೆ ಬೇರೆ ಕುಲದಲ್ಲಿ ಹುಟ್ಟಿದರೂ ಅವುಗಳ ಕೊಕ್ಕು ಒಂದೇ ಥರ ಆಗಿಬಿಟ್ಟಿದೆ. ಮಿಂಚುಳ್ಳಿ, ಬೆಳ್ಳಕ್ಕಿ, ಹಾವಕ್ಕಿ, ಎಲ್ಲಕ್ಕೂ ಈಟಿಯೇ. ಹಾಗಾಗಿ ಕೊಕ್ಕಿನಿಂದ ಶುರು ಮಾಡಿದರೆ ದಾರಿ ತಪ್ಪುವುದು ಸುಲಭ. ಮಾವ ಮೊದಲ ಮಾತಿನಲ್ಲೇ ಹೇಳಿದ್ದ ಆ ಎರಡು ತಗ್ಗುಗಳನ್ನು ನಾನು ಕಿವಿಗೆ ಹಾಕಿಕೊಳ್ಳಬೇಕಿತ್ತು.

ಭಾನುವಾರ ಹೋದೆ. ಬುರುಡೆಯನ್ನು ಮಾವ ಒಂದು ಸ್ಟೀಲ್ ತಟ್ಟೆಯಲ್ಲಿ ಹತ್ತಿ ಹಾಸಿ ಇಟ್ಟಿದ್ದರು. ಇರುವೆಗಳು ಮಾಂಸ ಚೂರೂ ಬಿಡದೆ ತಿಂದು ಮುಗಿಸಿದ್ದವು. ಮಣ್ಣಿನ ಕಲೆ ಹೋಗಲಿ ಅಂತ ಅತ್ತೆ ಅದನ್ನು ಕಾಚಂಪುಳಿ ಹಚ್ಚಿ ಉಜ್ಜುವುದಕ್ಕೆ ಹೊರಟಿದ್ದರಂತೆ, ಹಿತ್ತಾಳೆ ಪಾತ್ರೆ ಉಜ್ಜುವ ಹಾಗೆ. ಪುಣ್ಯಕ್ಕೆ ಮಾವ ತಡೆದಿದ್ದರು. ಹುಳಿ ಮೂಳೆಯ ಸುಣ್ಣವನ್ನು ತಿಂದುಹಾಕುತ್ತದೆ. ಹಕ್ಕಿಯ ಹಣೆ ಮೂಳೆ ಒಣಗಿದ ಎಲೆಯಷ್ಟು ತೆಳ್ಳಗೆ ಇರುತ್ತದೆ, ಹುಳಿ ಬಿದ್ದಿದ್ದರೆ ಆ ತಗ್ಗುಗಳ ಅಂಚೇ ಉಳಿಯುತ್ತಿರಲಿಲ್ಲ. ಯಾರಿಗಾದರೂ ಬುರುಡೆ ಸಿಕ್ಕಿದರೆ ಸುಮ್ನೆ ನೆರಳಲ್ಲಿ ಒಣಗಲು ಬಿಡಿ, ಮೆತ್ತನೆ ಬ್ರಶ್‌ನಲ್ಲಿ ಮಣ್ಣು ತೆಗೆಯಿರಿ, ಅಷ್ಟು ಸಾಕು.

ಈ ಸಲ ಮೇಲಿನಿಂದ ನೋಡಿದೆ. ಎರಡು ಕಣ್ಣುಗೂಡುಗಳ ನಡುವೆ, ತಲೆಯ ಚಾವಣಿಯ ಮೇಲೆ, ಅರ್ಧಚಂದ್ರದ ಆಕಾರದ ಎರಡು ತಗ್ಗುಗಳು. ಹಿಂದಿನಿಂದ ಕಣ್ಣಿನ ಅಂಚಿಗೇ ಹೊಂದಿಕೊಂಡು ಬಾಗುತ್ತಾ ಮುಂದೆ ಕೊಕ್ಕಿನ ಬುಡದ ಕಡೆ ಸಾಗುತ್ತವೆ. ನಡುವೆ ಸಣ್ಣ ದಿಣ್ಣೆ, ಗದ್ದೆಯ ಬದುವಿನ ಹಾಗೆ. ಎರಡೂ ಒಂದೇ ಅಳತೆ. ಪೆಟ್ಟು ಬಿದ್ದ ಗುರುತಾದರೆ ಇಷ್ಟು ಸರಿಸಮ ಇರುತ್ತಿರಲಿಲ್ಲ, ಅಲ್ವಾ? ಹದ್ದು ಕುಕ್ಕಿದ್ದು ಅಂತ ಕೆಲಸದವರು ಅಂದುಕೊಂಡಿದ್ದರು. ಆದರೆ ತಗ್ಗಿನೊಳಗಿನ ಮೂಳೆ ನುಣ್ಣಗಿತ್ತು, ಎಲ್ಲೂ ಒಡೆದಿರಲಿಲ್ಲ. ಅಲ್ಲಿ ಏನೋ ಒಂದು ವಸ್ತು ಕೂತಿತ್ತು, ಮೂಳೆ ಅದಕ್ಕೆ ಜಾಗ ಬಿಟ್ಟು ಬೆಳೆದಿತ್ತು.

ಮಧ್ಯಾಹ್ನಕ್ಕೆ ಕೋಳಿ ಸಾರು ಇತ್ತು. ಅತ್ತೆಗೆ ಹೇಳಿ ಕೋಳಿಯ ತಲೆಯನ್ನು ಬೇರೆ ಬೇಯಿಸಿ, ಚರ್ಮ ಬಿಡಿಸಿ, ಪಕ್ಕದಲ್ಲಿಟ್ಟು ನೋಡಿದೆವು. ಕೋಳಿಯ ಹಣೆ ನಯ. ತಗ್ಗೂ ಇಲ್ಲ, ಬದುವೂ ಇಲ್ಲ. ಮಾವನ ಮೊಮ್ಮಗ ಎರಡರ ಮೇಲೂ ಬೆರಳು ಆಡಿಸಿ "ಇದರಲ್ಲಿ ಬೆರಳು ನಿಲ್ಲುತ್ತದೆ, ಅದರಲ್ಲಿ ಜಾರುತ್ತದೆ" ಅಂದ. ನಾನು ತರಗತಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದ.

ಆ ತಗ್ಗಿನಲ್ಲಿ ಕೂತಿದ್ದದ್ದು ಉಪ್ಪಿನ ಗ್ರಂಥಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ಪತ್ರೆಯಲ್ಲಿ ಕೈಗೆ ಹಾಕುವ ಸಲೈನ್ ಬಾಟಲಿ ನೋಡಿದ್ದೀರಲ್ಲ, ಅದರ ಮೇಲೆ 0.9 ಅಂತ ಬರೆದಿರುತ್ತದೆ. ನೂರು ಪಾಲಿನಲ್ಲಿ 0.9 ಪಾಲು ಉಪ್ಪು. ನಮ್ಮ ರಕ್ತಕ್ಕೆ ಹೊಂದುವ ಉಪ್ಪು ಅಷ್ಟು. ಹಕ್ಕಿಗಳ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು 3.5 ಪಾಲು, ಅಂದರೆ ಲೀಟರಿಗೆ 35 ಗ್ರಾಂ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಉಪ್ಪು ಹಾಕಿ ಕುಡಿದ ಹಾಗೆ. ನಮ್ಮ ಕಿಡ್ನಿಗೆ ಅಷ್ಟು ಗಟ್ಟಿ ಉಪ್ಪನ್ನು ಮೂತ್ರದಲ್ಲಿ ಕಳಿಸಲು ಆಗುವುದಿಲ್ಲ. ಕುಡಿದದ್ದಕ್ಕಿಂತ ಜಾಸ್ತಿ ನೀರನ್ನು ಮೈಯಿಂದಲೇ ತೆಗೆದು ಆ ಉಪ್ಪನ್ನು ತೊಳೆಯಬೇಕಾಗುತ್ತದೆ. ಅದಕ್ಕೇ ಕಡಲ ನಡುವೆ ಸಿಕ್ಕಿಬಿದ್ದವರು ಕಡಲ ನೀರು ಕುಡಿದರೆ ಇನ್ನೂ ಬೇಗ ಒಣಗಿ ಸಾಯುತ್ತಾರೆ. ಹಕ್ಕಿಯ ಕಿಡ್ನಿಯಂತೂ ನಮ್ಮದಕ್ಕಿಂತ ಬಡ. ರಕ್ತಕ್ಕಿಂತ ಸುಮಾರು ಎರಡು ಪಟ್ಟು ಗಟ್ಟಿ ಮಾಡುವಷ್ಟೇ ಅದರ ಶಕ್ತಿ. ಹಾಗಾದರೆ ವರ್ಷಗಟ್ಟಲೆ ನೆಲ ಕಾಣದ ಕಡಲ ಹಕ್ಕಿಗಳು ಏನು ಕುಡಿದು ಬದುಕುತ್ತವೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರಾ ಹಿಂದೇನಲ್ಲ. ಗ್ರಂಥಿ ಇದೆ ಅನ್ನುವುದು ಗೊತ್ತಿತ್ತು. 1813ರಲ್ಲೇ ಲುಡ್ವಿಗ್ ಯಾಕೊಬ್ಸನ್ ಅನ್ನುವ ಡೆನ್ಮಾರ್ಕಿನ ಅಂಗರಚನಾ ತಜ್ಞ ಅದನ್ನು ವಿವರಿಸಿದ್ದ. ಅದರ ನಾಳ ಮೂಗಿಗೆ ಹೋಗುವುದರಿಂದ ಅದಕ್ಕೆ ಮೂಗಿನ ಗ್ರಂಥಿ ಅಂತಲೇ ಹೆಸರು. ಕಡಲ ನೀರು ಮೂಗಿಗೆ ನುಗ್ಗಿದರೆ ತೊಳೆಯುವುದಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದರು. 1957ರಲ್ಲಿ ಕ್ನುಟ್ ಸ್ಮಿತ್-ನೀಲ್ಸನ್ ಅನ್ನುವ ಶರೀರ ವಿಜ್ಞಾನಿ ಮತ್ತು ಜೊತೆಯವರು ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ನೀರುಕಾಗೆಗಳಿಗೆ ಉಪ್ಪುನೀರು ಕೊಟ್ಟು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಹಕ್ಕಿಗಳು ತಲೆ ಕೊಡವತೊಡಗಿದವು. ಕೊಕ್ಕಿನ ತುದಿಯಿಂದ ತಿಳಿನೀರಿನ ಹನಿಗಳು. ಹನಿ ಹಿಡಿದು ಪರೀಕ್ಷೆ ಮಾಡಿದರೆ ಅದು ಹೆಚ್ಚುಕಡಿಮೆ ಬರೀ ಉಪ್ಪುನೀರು, ಅದೂ ಕಡಲ ನೀರಿಗಿಂತ ಗಟ್ಟಿ.

ಆಮೇಲೆ ಅವರು ಗಲ್ ಹಕ್ಕಿಯ ಮೇಲೆ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಹಕ್ಕಿಯ ತೂಕ 1,420 ಗ್ರಾಂ. ಅದಕ್ಕೆ 134 ಮಿಲಿಲೀಟರ್ ಕಡಲ ನೀರು ಕುಡಿಸಿದರು. ಅಂದರೆ ಅದರ ತೂಕದ ಹತ್ತರಲ್ಲೊಂದು ಪಾಲು. ಎಪ್ಪತ್ತು ಕೆ.ಜಿ. ತೂಕದ ಮನುಷ್ಯ ಒಂದೇ ಸಲಕ್ಕೆ ಆರೇಳು ಲೀಟರ್ ಕಡಲ ನೀರು ಕುಡಿದ ಲೆಕ್ಕ. ಮೂರು ಗಂಟೆಯೊಳಗೆ ಆ ಉಪ್ಪು ಬಹುಪಾಲು ಹೊರಗೆ ಬಂದಿತ್ತು. ಹೊರಬಂದ ಉಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೂಗಿನ ದಾರಿಯಿಂದ, ಉಳಿದ ಒಂದು ಪಾಲು ಮಾತ್ರ ಹಿಂದಿನ ದಾರಿಯಿಂದ. ಮೂಗಿನ ಹನಿಯಲ್ಲಿ ಉಪ್ಪು ನೂರಕ್ಕೆ ಸುಮಾರು 5 ಪಾಲು. ಕುಡಿದ ನೀರು 3.5, ಬಿಟ್ಟ ಹನಿ 5. ಈ ವ್ಯತ್ಯಾಸದಲ್ಲಿ ಮಿಗುವ ಸಿಹಿನೀರು ಹಕ್ಕಿಗೆ ಲಾಭ. ಕಡಲಿನಿಂದಲೇ ಸಿಹಿನೀರು ತೆಗೆಯುವ ಯಂತ್ರವನ್ನು ಹಣೆಯ ಮೇಲೆ ಹೊತ್ತು ತಿರುಗುವ ಜೀವ ಅದು.

ಗ್ರಂಥಿಯೊಳಗೆ ಸಣ್ಣ ಸಣ್ಣ ಕೊಳವೆಗಳು ಸಾವಿರಾರು, ಚಕ್ರದ ಅರಗಳ ಹಾಗೆ ನಡುವಿನ ನಾಳದ ಸುತ್ತ ನಿಂತಿರುತ್ತವೆ. ಕೊಳವೆಯಲ್ಲಿ ಉಪ್ಪುನೀರು ಒಂದು ದಿಕ್ಕಿಗೆ, ಅದರ ಪಕ್ಕದ ರಕ್ತನಾಳದಲ್ಲಿ ರಕ್ತ ಎದುರು ದಿಕ್ಕಿಗೆ. ಕೊಳವೆಯ ಜೀವಕೋಶಗಳು ರಕ್ತದಿಂದ ಉಪ್ಪನ್ನು ಹಿಡಿದು ಪಂಪ್ ಮಾಡುತ್ತವೆ. ಅದಕ್ಕೆ ತುಂಬಾ ಶಕ್ತಿ ಬೇಕು, ತುಂಬಾ ರಕ್ತವೂ ಬೇಕು. ಕಿಡ್ನಿಯ ಹಾಗೆ ಇದು ಹಗಲೂ ರಾತ್ರಿ ದುಡಿಯುವುದಿಲ್ಲ. ರಕ್ತದಲ್ಲಿ ಉಪ್ಪು ಏರಿದಾಗ ನರದ ಮೂಲಕ ಸುದ್ದಿ ಹೋಗುತ್ತದೆ, ನಿಮಿಷಗಳಲ್ಲಿ ಕೆಲಸ ಶುರು. ಉಪ್ಪು ಇಳಿದರೆ ಸುಮ್ಮನಾಗುತ್ತದೆ.

ಇಷ್ಟು ದೊಡ್ಡ ಗ್ರಂಥಿಯನ್ನು ಎಲ್ಲಿ ಇಡುವುದು? ಹಕ್ಕಿಯ ತಲೆಯಲ್ಲಿ ಜಾಗವೇ ಇಲ್ಲ. ಮೈಗೆ ಹೋಲಿಸಿದರೆ ಅವುಗಳ ಕಣ್ಣು ತುಂಬಾ ದೊಡ್ಡದು, ಕಣ್ಣುಗೂಡು ತುಂಬಿಹೋಗಿರುತ್ತದೆ. ಹಾಗಾಗಿ ಕಡಲ ಹಕ್ಕಿಗಳಲ್ಲಿ ಬಹುಪಾಲು ಕಣ್ಣುಗೂಡಿನ ಚಾವಣಿಯ ಮೇಲೆ, ಹುಬ್ಬಿನ ಜಾಗದಲ್ಲಿ ಅದನ್ನು ಕೂರಿಸಿಕೊಂಡಿವೆ. ಗಲ್, ಆಲ್ಬಟ್ರಾಸ್, ಪೆಂಗ್ವಿನ್, ಎಲ್ಲಕ್ಕೂ ಆ ತಗ್ಗು ಇದೆ. ಸತ್ತ ಮೇಲೆ ಗ್ರಂಥಿ ಕೊಳೆತು ಹೋಗುತ್ತದೆ, ಅದು ಕೂತ ಜಾಗ ಉಳಿಯುತ್ತದೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಸಿಕ್ಕ ಹೆಸ್ಪೆರೊರ್ನಿಸ್ ಅನ್ನುವ, ಹಲ್ಲಿದ್ದ, ಹಾರಲಾರದ ಹಳೆಯ ಹಕ್ಕಿಯ ಬುರುಡೆಯಲ್ಲೂ ಈ ತಗ್ಗು ಇದೆ. ಎಂಟು ಕೋಟಿ ವರ್ಷ ಹಿಂದಿನ ಮೂಳೆ. ಕ್ಯಾನ್ಸಸ್ ಇವತ್ತು ಕಡಲಿನಿಂದ ಎಷ್ಟೋ ದೂರದ ಗೋಧಿ ಬಯಲು. ಆ ಕಾಲದಲ್ಲಿ ಅಲ್ಲಿ ಕಡಲಿತ್ತು. ಅಲ್ಲಿ ಕಡಲು ಹಕ್ಕಿಯನ್ನು ಬಿಟ್ಟು ಹೋಗಿದೆ. ಗಾಳಿಬೀಡಿನಲ್ಲಿ ಆದದ್ದು ಬೇರೆ: ಹಕ್ಕಿಯೇ ಕಡಲನ್ನು ಬಿಟ್ಟು ಬಂದಿತ್ತು.

ಆದರೆ ಕಡಲ ಹಕ್ಕಿ ಅನ್ನುವುದಷ್ಟೇ ಸಾಲದಲ್ಲ. ಯಾವ ಹಕ್ಕಿ? ಇಲ್ಲಿಂದ ಮುಂದೆ ಕೆಲಸ ನಿಧಾನವಾಗಿ ಆಯಿತು.

ಮೂಗಿನ ಹೊಳ್ಳೆ ನೋಡಿದೆ. ಮಿಂಚುಳ್ಳಿಯಲ್ಲಿ ಅದು ಕೊಕ್ಕಿನ ಬುಡದಲ್ಲಿ ಸಣ್ಣ ತೂತು. ಇದರಲ್ಲಿ ಉದ್ದನೆಯ ಸೀಳು. ಬುರುಡೆಯನ್ನು ಬೆಳಕಿಗೆ ಹಿಡಿದರೆ ಒಂದು ಹೊಳ್ಳೆಯಿಂದ ಇನ್ನೊಂದು ಹೊಳ್ಳೆಯ ಆಚೆಗೆ ಬೆಳಕು ಕಾಣುತ್ತದೆ. ಮೂಳೆಯ ಸೀಳು ಹಿಂದಕ್ಕೆ ಕೊಕ್ಕು ಮಡಚುವ ಜಾಗವನ್ನೂ ದಾಟಿ ಹೋಗಿತ್ತು. ಗಲ್, ಟರ್ನ್, ಉಲ್ಲಂಕಿ, ಟಿಟ್ಟಿಭ, ಈ ದೊಡ್ಡ ಬಳಗದ ಹಕ್ಕಿಗಳ ಗುರುತು ಅದು. ಆಲ್ಬಟ್ರಾಸ್ ಮತ್ತು ಪೆಟ್ರೆಲ್ ಕುಲದವುಗಳಿಗೆ ಕೊಕ್ಕಿನ ಮೇಲೆ ಕೊಳವೆಯ ಹಾಗೆ ಮೂಗು ಇರುತ್ತದೆ, ಇಲ್ಲಿ ಕೊಕ್ಕಿನ ಕಪ್ಪು ಕವಚ ಹಾಗೇ ಉಳಿದಿತ್ತು, ಕೊಳವೆ ಇರಲಿಲ್ಲ. ಗಲ್‌ನ ಕೊಕ್ಕಿನ ತುದಿ ಕೆಳಗೆ ಬಾಗುತ್ತದೆ, ಇದು ಬಾಗಿರಲಿಲ್ಲ. ಬುರುಡೆಯ ಒಟ್ಟು ಉದ್ದ ಎಂಟೂವರೆ ಸೆಂಟಿಮೀಟರ್, ಅದರಲ್ಲಿ ಅರ್ಧ ಕೊಕ್ಕು. ಟರ್ನ್ ಅನ್ನುವಲ್ಲಿಗೆ ಬಂದು ನಿಂತೆ. ಕನ್ನಡದಲ್ಲಿ ರೀವ ಅನ್ನುತ್ತಾರೆ.

ರೀವ ಅಂದ ಕೂಡಲೇ ಮಾವ ಒಂದು ಒಳ್ಳೆ ಪ್ರಶ್ನೆ ಹಾಕಿದರು. "ನದಿ ರೀವ ನಮ್ಮ ಕಡೆಯೂ ಉಂಟಲ್ಲ? ಹಾರಂಗಿ ಕಡೆಯಿಂದ ಬಂದಿರಬಾರದಾ?" ಸರಿಯಾದ ಅನುಮಾನವೇ. ನದಿ ರೀವ ಸಿಹಿನೀರಿನ ಹಕ್ಕಿ, ಭದ್ರಾ ಅಣೆಕಟ್ಟಿನ ನಡುಗಡ್ಡೆಯಲ್ಲಿ ಗುಂಪು ಗುಂಪಾಗಿ ಮರಿ ಮಾಡುವುದನ್ನು ನೋಡಲು ಜನ ದೂರದೂರದಿಂದ ಬರುತ್ತಾರೆ. ಅದಕ್ಕೂ ಉಪ್ಪಿನ ಗ್ರಂಥಿ ಇದೆ, ಅದೂ ಅದೇ ಬಳಗ. ಆದರೆ ಈ ಬಳಗದಲ್ಲಿ ಸಿಹಿನೀರಿನ ಹತ್ತಿರ ಬದುಕುವವುಗಳ ಗ್ರಂಥಿ ಸಣ್ಣದು, ಕಡಲಲ್ಲೇ ಇರುವವುಗಳದ್ದು ದೊಡ್ಡದು. ನಮ್ಮ ಬುರುಡೆಯಲ್ಲಿ ತಗ್ಗು ಕಣ್ಣುಗೂಡಿನ ಅಂಚಿನಿಂದ ನಡುವಿನ ಬದುವಿನವರೆಗೆ ಪೂರ್ತಿ ಹರಡಿತ್ತು. ಜೊತೆಗೆ ನದಿ ರೀವದ ಕೊಕ್ಕು ಹಳದಿ. ಇದು ಕಪ್ಪು.

ಗ್ರಂಥಿಯ ಗಾತ್ರದ ಬಗ್ಗೆ ಇನ್ನೊಂದು ಮಾತು. ಅದು ಒಂದೇ ಹಕ್ಕಿಯಲ್ಲೂ ಹಿಗ್ಗುತ್ತದೆ, ಕುಗ್ಗುತ್ತದೆ. ಸಾಕು ಬಾತುಕೋಳಿಗೆ ಕೆಲವು ದಿನ ಉಪ್ಪು ಬೆರೆಸಿದ ನೀರು ಕೊಟ್ಟರೆ ಗ್ರಂಥಿ ಎರಡು ಪಟ್ಟು ಬೆಳೆಯುತ್ತದೆ. ಮತ್ತೆ ಸಿಹಿನೀರು ಕೊಟ್ಟರೆ ಇಳಿಯುತ್ತದೆ. ಮೂಳೆ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ತಗ್ಗು ಹೇಳುವುದು ಆ ಹಕ್ಕಿ ಮತ್ತು ಅದರ ಕುಲ ಬದುಕಿದ ರೀತಿಯನ್ನು, ಹೋದ ವಾರ ಅದು ಕುಡಿದ ನೀರನ್ನಲ್ಲ.

ಸೋಮವಾರ ಕೆಲಸದವರು ಬುರುಡೆ ಸಿಕ್ಕ ಜಾಗದ ಸುತ್ತ ಇನ್ನಷ್ಟು ಹುಡುಕಿದರು. ಸಿಲ್ವರ್ ಓಕ್ ಮರದ ಬುಡದಲ್ಲಿ, ಕೊಳೆತ ಎಲೆಯಡಿ ಒಂದು ರೆಕ್ಕೆ ಸಿಕ್ಕಿತು. ಮಳೆಯಲ್ಲಿ ನೆಂದು ಅಂಟಿಕೊಂಡಿತ್ತು, ಆದರೆ ಗರಿಗಳು ಪೂರ್ತಿ ಇದ್ದವು. ಮೇಲೆ ಮಸಿ ಕಪ್ಪು, ಕೆಳಗೆ ಒಳಗರಿಗಳು ಬಿಳಿ. ಮಣಿಕಟ್ಟಿನಿಂದ ತುದಿಗೆ ಇಪ್ಪತ್ತೊಂಬತ್ತೂವರೆ ಸೆಂಟಿಮೀಟರ್. ಕಪ್ಪು ಬಿಳಿ ಮಿಂಚುಳ್ಳಿಯ ರೆಕ್ಕೆ ಅದರ ಅರ್ಧದಷ್ಟು ಮಾತ್ರ. ಕಡಲಿನಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ಬ್ರೈಡಲ್ಡ್ ಟರ್ನ್. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಮೇಲೆ ಮರಿ ಮಾಡುವ ಹಕ್ಕಿ. ಆದರೆ ಅದರ ಬೆನ್ನು, ರೆಕ್ಕೆ ಕಂದು ಬೂದು, ರೆಕ್ಕೆಯೂ ಇದಕ್ಕಿಂತ ಚಿಕ್ಕದು. ಮಸಿ ಕಪ್ಪು ಮತ್ತು ಈ ಉದ್ದ ಎರಡೂ ಸೇರಿದರೆ ಅದು ಸೂಟಿ ಟರ್ನ್. ಹೆಸರೇ ಮಸಿ ರೀವ ಅನ್ನೋ ಅರ್ಥದ್ದು.

ಸೂಟಿ ಟರ್ನ್ ಲಕ್ಷದ್ವೀಪದ ಪಿಟ್ಟಿ ಅನ್ನುವ ಸಣ್ಣ ಮರಳು ದ್ವೀಪದಲ್ಲಿ ಮರಿ ಮಾಡುತ್ತದೆ. ಜನ ಇಲ್ಲದ ಜಾಗ, ಪಕ್ಷಿಧಾಮ. ಮರಿ ಒಮ್ಮೆ ಗೂಡು ಬಿಟ್ಟು ಹಾರಿತು ಅಂದರೆ ಮತ್ತೆ ನೆಲ ಮುಟ್ಟುವುದು ವರ್ಷಗಳ ನಂತರ, ತಾನೇ ಮರಿ ಮಾಡುವ ವಯಸ್ಸಿಗೆ. ಅಲ್ಲಿಯವರೆಗೆ ಕಡಲ ಮೇಲೆ ಹಾರುತ್ತಲೇ ಇರುತ್ತದೆ. ನೀರಿನ ಮೇಲೆ ಕೂತು ವಿಶ್ರಾಂತಿ ಪಡೆಯುವ ಹಕ್ಕಿ ಇದಲ್ಲ. ಬಾತುಕೋಳಿಯ ಹಾಗೆ ಇದರ ಗರಿ ನೀರು ತಡೆಯುವುದಿಲ್ಲ, ಬೇಗ ನೆನೆಯುತ್ತದೆ. ಈ ಕೊನೆಯ ಮಾತು ಹೇಳಿದಾಗ ಮಾವನ ಮುಖ ಬದಲಾಯಿತು.

ಅವರಿಗೆ ಜುಲೈ ನೆನಪಾಯಿತು. ಕಕ್ಕಡ ಮಾಸ ಶುರುವಾಗುವ ಹೊತ್ತಿಗೆ ಮೂರು ದಿನ ಬಿಡದೆ ಗಾಳಿ ಬೀಸಿತ್ತು. ಕರೆಂಟು ಇರಲಿಲ್ಲ, ಮರ ಬಿದ್ದು ರಸ್ತೆ ಮುಚ್ಚಿತ್ತು. ಆಗ ಒಂದು ಬೆಳಿಗ್ಗೆ ಕಣದಲ್ಲಿ ಒಂದು ಕಪ್ಪು ಹಕ್ಕಿ ರೆಕ್ಕೆ ಹರಡಿಕೊಂಡು ಕೂತಿತ್ತಂತೆ. ಹತ್ತಿರ ಹೋದರೂ ಹಾರಲಿಲ್ಲ. ಕೆಳಗೆ ಬಿಳಿ, ಬಾಲ ಸೀಳಿದ ಹಾಗೆ. ಮಾವ ಅದನ್ನು ಬುಟ್ಟಿಯಡಿ ಇಟ್ಟು ಅನ್ನ, ನೀರು ಕೊಟ್ಟರು. ಅನ್ನ ಮುಟ್ಟಲಿಲ್ಲ. ನೀರು ಸ್ವಲ್ಪ ಕುಡಿಯಿತು. ಕಾಲಿನ ಬೆರಳುಗಳ ನಡುವೆ ಪೊರೆ ಇದ್ದದ್ದು ನೋಡಿ "ನೀರಿನ ಹಕ್ಕಿ, ನೀರಿಗೆ ಬಿಟ್ಟರೆ ಚೇತರಿಸಿಕೊಳ್ಳುತ್ತದೆ" ಅಂತ ಮಾರನೇ ದಿನ ಕೆರೆಯ ದಡದಲ್ಲಿ ಬಿಟ್ಟು ಬಂದರು. ಸಂಜೆ ಹೋಗಿ ನೋಡಿದಾಗ ಕಾಣಲಿಲ್ಲ. ಹಾರಿ ಹೋಯಿತು ಅಂತ ಸಮಾಧಾನ ಮಾಡಿಕೊಂಡರು. ಬುರುಡೆ ಸಿಕ್ಕಿದ್ದು ಆ ದಡದಿಂದ ಮೂವತ್ತು ಹೆಜ್ಜೆ ದೂರದಲ್ಲಿ.

ಕಡಲಿನಿಂದ ಇಲ್ಲಿಗೆ ಹೇಗೆ ಬಂತು ಅನ್ನುವುದು ದೊಡ್ಡ ಒಗಟೇನಲ್ಲ. ಮಡಿಕೇರಿಯಿಂದ ನೇರ ಗೆರೆ ಎಳೆದರೆ ಕಾಸರಗೋಡಿನ ಕಡಲು ಸುಮಾರು 80 ಕಿಲೋಮೀಟರ್. ಬಸ್ಸಿನಲ್ಲಿ ಸುತ್ತಿ ಸುತ್ತಿ ಇಳಿಯುವ ನಮಗೆ ಅದು ದೂರ ಅನಿಸುತ್ತದೆ. ಹಿಂದಿನಿಂದ ಬಿರುಗಾಳಿ ತಳ್ಳುವ ಉದ್ದ ರೆಕ್ಕೆಯ ಹಕ್ಕಿಗೆ ಒಂದೆರಡು ಗಂಟೆಯ ಹಾದಿ. ಮುಂಗಾರಿನ ಗಾಳಿ ಅರಬ್ಬಿ ಕಡಲಿನಿಂದ ಬಂದು ಮೊದಲು ಬಡಿಯುವುದೇ ಈ ಬೆಟ್ಟಸಾಲಿಗೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಸುಸ್ತಾದ ಕಡಲ ಹಕ್ಕಿಗಳು ಪಶ್ಚಿಮ ಕರಾವಳಿಯ ದಡಕ್ಕೆ ಬಂದು ಬೀಳುವುದು ಮಂಗಳೂರು, ಉಡುಪಿ, ಕೇರಳದ ಹಕ್ಕಿ ನೋಡುವವರಿಗೆ ಹೊಸತಲ್ಲ. ಅವುಗಳಲ್ಲಿ ಕೆಲವು ಗಾಳಿಯ ಜೊತೆ ಘಟ್ಟ ಹತ್ತುತ್ತವೆ. ಸುಮಾರು 1,150 ಮೀಟರ್ ಎತ್ತರದಲ್ಲಿ, ಮಂಜಿನಲ್ಲಿ, ನೆರಳು ಮರಗಳ ನಡುವೆ ಇಳಿದ ಮೇಲೆ ಆ ಉದ್ದ ರೆಕ್ಕೆ ಬಿಚ್ಚಿ ಮೇಲೇಳಲು ಜಾಗವೇ ಸಿಗುವುದಿಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಹಾಗಾದರೆ ನಾನು ಸಿಹಿನೀರು ಕೊಟ್ಟು ತಪ್ಪು ಮಾಡಿದೆನಾ? ಉಪ್ಪುನೀರು ಕೊಟ್ಟಿದ್ದರೆ ಬದುಕುತ್ತಿತ್ತಾ?"

ಇದಕ್ಕೆ ಸರಿಯಾಗಿ ಉತ್ತರ ಹೇಳಬೇಕು ಅನಿಸಿತು, ಯಾಕೆಂದರೆ ಉಪ್ಪಿನ ಗ್ರಂಥಿಯ ವಿಷಯ ಕೇಳಿದವರಿಗೆಲ್ಲ ಇದೇ ಯೋಚನೆ ಬರುತ್ತದೆ. ಉತ್ತರ: ಇಲ್ಲ. ಗ್ರಂಥಿ ಇದೆ ಅಂದರೆ ಹಕ್ಕಿ ಉಪ್ಪನ್ನು ತಡೆದುಕೊಳ್ಳುತ್ತದೆ ಅಂತ ಅರ್ಥ, ಉಪ್ಪೇ ಬೇಕು ಅಂತ ಅಲ್ಲ. ದಿನಗಟ್ಟಲೆ ತಿನ್ನದೆ ಗಾಳಿಯಲ್ಲಿ ಹೊಡೆದಾಡಿ ಬಿದ್ದ ಹಕ್ಕಿಯ ಮೈಯಲ್ಲಿ ನೀರೇ ಕಡಿಮೆ ಇರುತ್ತದೆ. ಗ್ರಂಥಿ ಓಡಿಸಲು ಬೇಕಾದ ಶಕ್ತಿಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಉಪ್ಪುನೀರು ಕೊಟ್ಟರೆ ಅದನ್ನು ಹೊರಹಾಕುವ ಕೆಲಸವೇ ಅದನ್ನು ಕೊಲ್ಲಬಹುದು. ಸಿಹಿನೀರು ಕೊಟ್ಟದ್ದು ಸರಿ. ಉಪ್ಪಿನ ಯೋಚನೆ ಬರುವುದು ಆಮೇಲೆ. ಹಕ್ಕಿ ವಾರಗಟ್ಟಲೆ ಆರೈಕೆಯಲ್ಲಿ ಸಿಹಿನೀರಿನಲ್ಲೇ ಉಳಿದರೆ ಗ್ರಂಥಿ ಕುಗ್ಗುತ್ತದೆ, ಆಗ ಒಮ್ಮೆಲೇ ಕಡಲಿಗೆ ಬಿಟ್ಟರೆ ಅದು ತಡೆಯಲಾರದು. ಅದಕ್ಕೇ ಕಡಲ ಹಕ್ಕಿಗಳ ಆರೈಕೆ ಗೊತ್ತಿರುವವರು ಬಿಡುವ ಮುಂಚೆ ಸ್ವಲ್ಪ ಸ್ವಲ್ಪವಾಗಿ ಉಪ್ಪು ಕೊಟ್ಟು ಗ್ರಂಥಿಯನ್ನು ಎಬ್ಬಿಸುತ್ತಾರೆ. ಅದು ಪಶುವೈದ್ಯರ ಕೆಲಸ. ಮನೆಯಲ್ಲಿ ಮಾಡುವುದಲ್ಲ.

ತಪ್ಪಾದದ್ದು ಕೆರೆ ದಡದಲ್ಲಿ ಬಿಟ್ಟದ್ದು. ಇದನ್ನು ಹೇಳಲು ಕಷ್ಟವಾಯಿತು, ಆದರೆ ಹೇಳಿದೆ. ಪೊರೆ ಇರುವ ಪಾದ ನೋಡಿ ಈಜುವ ಹಕ್ಕಿ ಅಂದುಕೊಳ್ಳುವುದು ಸಹಜ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನಾನು ಕೊಕ್ಕು ನೋಡಿ ಮಿಂಚುಳ್ಳಿ ಅಂದಿರಲಿಲ್ಲವಾ? ಆ ಹಕ್ಕಿಗೆ ಬೇಕಿದ್ದದ್ದು ಒಣಗಿದ, ಬೆಚ್ಚಗಿನ, ಕತ್ತಲೆಯ ಜಾಗ. ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೆ ಹಳೆ ಬಟ್ಟೆ. ಚಪ್ಪಟೆ ತಟ್ಟೆಯಲ್ಲಿ ನೀರು, ಆದರೆ ಕೊಕ್ಕು ಬಿಡಿಸಿ ಸುರಿಯಬಾರದು, ನೀರು ಶ್ವಾಸಕ್ಕೆ ಹೋಗುತ್ತದೆ. ಅನ್ನ ಬೇಡ, ಅದು ಮೀನು ಮತ್ತು ಸ್ಕ್ವಿಡ್ ತಿನ್ನುವ ಹಕ್ಕಿ. ಬೆಕ್ಕು, ನಾಯಿ, ಮಕ್ಕಳ ಗಲಾಟೆ ದೂರ ಇರಲಿ. ಅರಣ್ಯ ಇಲಾಖೆಗೆ ಕೂಡಲೇ ಫೋನ್. ಅವರ ಮೂಲಕ ಪಶುವೈದ್ಯರಿಗೆ, ಆಮೇಲೆ ಕಡಲ ಕಡೆಗೆ. ಇಷ್ಟೆಲ್ಲ ಮಾಡಿದರೂ ಇಂಥ ಸ್ಥಿತಿಗೆ ಬಂದ ಹಕ್ಕಿಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಅದನ್ನೂ ಮಾವನಿಗೆ ಹೇಳಿದೆ.

ಬುರುಡೆ ಓದುವ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ ಬಾಕಿ ಇದೆ. ತಗ್ಗು ಇದ್ದರೆ ದೊಡ್ಡ ಗ್ರಂಥಿ ಇತ್ತು ಅನ್ನಬಹುದು. ತಗ್ಗು ಇಲ್ಲದಿದ್ದರೆ ಗ್ರಂಥಿ ಇರಲಿಲ್ಲ ಅನ್ನುವ ಹಾಗಿಲ್ಲ. ನೀರುಕಾಗೆಯನ್ನೇ ನೋಡಿ. ಉಪ್ಪಿನ ಗ್ರಂಥಿಯ ಕೆಲಸ ಮೊದಲು ಪತ್ತೆಯಾದದ್ದೇ ಅದರಲ್ಲಿ, ಆದರೆ ಅದರ ಬುರುಡೆಯ ಮೇಲೆ ಈ ಅರ್ಧಚಂದ್ರ ಇಲ್ಲ. ಅದರ ಗ್ರಂಥಿ ಕಣ್ಣುಗೂಡಿನ ಒಳಗೆ ಅಡಗಿದೆ. ಬೆಳೆದ ನೀರುಕಾಗೆಗೆ ಹೊರಗಿನ ಹೊಳ್ಳೆಯೂ ಮುಚ್ಚಿರುತ್ತದೆ, ಹಾಗಾಗಿ ಉಪ್ಪುನೀರು ಒಳಗಿನ ದಾರಿಯಲ್ಲಿ ಬಾಯಿಗೆ ಇಳಿದು ಕೊಕ್ಕಿನ ತುದಿಯಿಂದ ತೊಟ್ಟಿಕ್ಕುತ್ತದೆ. ಕಾವೇರಿ ಹೊಳೆಯ ಬಂಡೆ ಮೇಲೆ ರೆಕ್ಕೆ ಹರಡಿ ಕೂರುವ ನಮ್ಮ ನೀರುಕಾಗೆಗಳ ಬುರುಡೆ ಸಿಕ್ಕಿ, ಹಣೆ ನಯವಾಗಿದೆ, ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ ಅಂದುಕೊಂಡರೆ ಅದು ತಪ್ಪು ಓದು. ಇಲ್ಲದ ಗುರುತಿನ ಮೇಲೆ ತೀರ್ಮಾನ ಕಟ್ಟಬಾರದು.

ಅಳತೆಗಳನ್ನೆಲ್ಲ ಬರೆದುಕೊಂಡೆ. ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ, ಸ್ಕೇಲ್ ಪಕ್ಕಕ್ಕಿಟ್ಟು ಫೋಟೊ ತೆಗೆದೆ. ಪಕ್ಕದಿಂದ ಮಾತ್ರ ತೆಗೆದ ಫೋಟೊ ಎಷ್ಟು ದಾರಿ ತಪ್ಪಿಸುತ್ತದೆ ಅಂತ ಈಗ ಗೊತ್ತಲ್ಲ. ಬುರುಡೆ, ರೆಕ್ಕೆ ಎರಡನ್ನೂ ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಕಾಡುಹಕ್ಕಿಯ ಮೂಳೆ, ಗರಿಗಳನ್ನು ಚೆಂದ ಅಂತ ಷೋಕೇಸಿನಲ್ಲಿ ಇಟ್ಟುಕೊಳ್ಳಬಾರದು. ಕೊಡುವ ಮುಂಚೆ ಮಾವನ ಮೊಮ್ಮಗ ಇನ್ನೊಮ್ಮೆ ಆ ತಗ್ಗುಗಳ ಮೇಲೆ ಬೆರಳು ಆಡಿಸಿದ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ.

ಈ ವರ್ಷ ಜುಲೈನಲ್ಲಿ ಮತ್ತೆ ಗಾಳಿ ಎದ್ದಿತು. ರಾತ್ರಿ ಒಂಬತ್ತಕ್ಕೆ ಮಾವನ ಫೋನ್. ಹಕ್ಕಿ ಏನಾದರೂ ಬಿತ್ತಾ ಅಂತ ಗಾಬರಿಯಿಂದ ಕೇಳಿದೆ. "ಇಲ್ಲ ಮಗಳೇ, ಏನೂ ಬಿದ್ದಿಲ್ಲ. ರಟ್ಟಿನ ಪೆಟ್ಟಿಗೆ ಕಣದ ಶೆಡ್ಡಿನಲ್ಲಿ ಇಟ್ಟಿದ್ದೇನೆ. ತೂತು ಎಷ್ಟು ದೊಡ್ಡದು ಮಾಡಬೇಕು ಅಂತ ಕೇಳುವುದು ಮರೆತಿದ್ದೆ."